ಕೈಗೆ ಬಂದ ಡಾಲರ್, ಲೆಕ್ಕಕ್ಕೆ ಬಾರದ ವರ್ಷ: ಅಮೆರಿಕದ ‘ನ್ಯಾನಿ ಟ್ಯಾಕ್ಸ್’ ಯಾರ ಹಣ?

ವಾರಕ್ಕೆ 58 ಡಾಲರ್. ಅಮೆರಿಕದಲ್ಲಿ ಮಗು ನೋಡಿಕೊಳ್ಳುವುದಕ್ಕೋ, ಅಡುಗೆಗೋ, ವಯಸ್ಸಾದ ಅಪ್ಪ ಅಮ್ಮನ ಆರೈಕೆಗೋ ಒಬ್ಬರನ್ನು ಇಟ್ಟುಕೊಂಡು ವಾರಕ್ಕೆ ಇಷ್ಟು ಕೊಟ್ಟರೂ ಸಾಕು, ವರ್ಷ ಮುಗಿಯುವ ಹೊತ್ತಿಗೆ ಕಾನೂನಿನ ದೃಷ್ಟಿಯಲ್ಲಿ ನೀವು ಉದ್ಯೋಗದಾತರು. ಕಂಪನಿ ಇರಬೇಕಿಲ್ಲ, ಆಫೀಸು ಇರಬೇಕಿಲ್ಲ. 2026ರಲ್ಲಿ ಮನೆಯ ಕೆಲಸಕ್ಕೆಂದು ಒಬ್ಬ ವ್ಯಕ್ತಿಗೆ 3,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚು ಸಂಬಳ ಕೊಟ್ಟರೆ ಸೋಶಿಯಲ್ ಸೆಕ್ಯುರಿಟಿ (ಸರ್ಕಾರದ ಪಿಂಚಣಿ ವ್ಯವಸ್ಥೆ) ಮತ್ತು ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ತೆರಿಗೆ ಕಟ್ಟಲೇಬೇಕು. 2025ರಲ್ಲಿ ಈ ಮಿತಿ 2,800 ಇತ್ತು, 2024ರಲ್ಲಿ 2,700. ಮಿತಿ ದಾಟಿದ ಮೇಲಿನ ಹಣಕ್ಕೆ ಮಾತ್ರ ತೆರಿಗೆ ಎಂದು ಹಲವರು ಅಂದುಕೊಂಡಿದ್ದಾರೆ. ಹಾಗಿಲ್ಲ. ಒಮ್ಮೆ ದಾಟಿತೆಂದರೆ ಕೊಟ್ಟ ಮೊದಲ ಡಾಲರಿನಿಂದಲೇ ಲೆಕ್ಕ.

ಇದನ್ನು ಎಲ್ಲರೂ ‘ನ್ಯಾನಿ ಟ್ಯಾಕ್ಸ್’ ಎನ್ನುತ್ತಾರೆ. ಆ ಹೆಸರಿನ ಪ್ರತ್ಯೇಕ ತೆರಿಗೆ ಯಾವ ಕಾಯ್ದೆಯಲ್ಲೂ ಇಲ್ಲ. ನಿಮ್ಮದೇ ಪೇಸ್ಟಬ್, ಅಂದರೆ ಸಂಬಳದ ಚೀಟಿ, ತೆಗೆದು ನೋಡಿ: ಸೋಶಿಯಲ್ ಸೆಕ್ಯುರಿಟಿಗೆ ಶೇ 6.2, ಮೆಡಿಕೇರ್‌ಗೆ ಶೇ 1.45 ಮುರಿದುಕೊಂಡಿರುತ್ತಾರೆ. ಒಟ್ಟು ಶೇ 7.65. ನಿಮ್ಮ ಪೇಸ್ಟಬ್ಬಿನಲ್ಲಿ ಕಾಣದಿದ್ದರೂ ಅಷ್ಟೇ ಮೊತ್ತವನ್ನು ನಿಮ್ಮ ಕಂಪನಿ ತನ್ನ ಕೈಯಿಂದ ಹಾಕಿ ಸರ್ಕಾರಕ್ಕೆ ಕಟ್ಟುತ್ತದೆ. ಎರಡೂ ಸೇರಿ ಶೇ 15.3. ನಿಮ್ಮ ಮನೆಗೆ ಕೆಲಸಕ್ಕೆ ಬರುವವರ ವಿಷಯದಲ್ಲಿ ಆ ಕಂಪನಿ ನೀವೇ. ನ್ಯಾನಿ ಟ್ಯಾಕ್ಸಿನ ತಿರುಳು ಇಷ್ಟೇ.

ಆದರೂ ನಮ್ಮ ಕನ್ನಡದ ಮನೆಗಳಲ್ಲಿ ಈ ಮಾತು ಬಂದಾಗಲೆಲ್ಲ ಅದು ‘ಟ್ಯಾಕ್ಸ್ ಉಳಿಸುವ’ ಮಾತಾಗಿಯೇ ಬರುತ್ತದೆ. ಸಂಬಳ ಕೊಡುವವರ ಬದಿಯಿಂದ ಮಾತ್ರ ನೋಡಿದರೆ ಹಾಗೆ ಕಾಣುವುದು ಸಹಜ. ನನಗೂ ಹಾಗೇ ಕಂಡಿತ್ತು.

ನಮ್ಮ ಮಗಳಿಗೆ ಒಂಬತ್ತು ತಿಂಗಳಿದ್ದಾಗ, ಬಾಣಂತನಕ್ಕೆ ಬಂದಿದ್ದ ಅಮ್ಮ ಊರಿಗೆ ಹೊರಟುಹೋದರು. ಮಗು ನೋಡಿಕೊಳ್ಳಲು ಒಬ್ಬರು ಸಿಕ್ಕರು. ಐವತ್ತೆಂಟು ವರ್ಷ, ಹತ್ತಾರು ವರ್ಷಗಳ ಅನುಭವ. ಮೊದಲ ದಿನವೇ ಕ್ಯಾಶ್ ಕೊಟ್ಟರೆ ಒಳ್ಳೆಯದು, ಹಿಂದಿನ ಮನೆಗಳಲ್ಲೂ ಹಾಗೇ ಇತ್ತು ಎಂದರು. ನಾವು ಯೋಚಿಸಿ ಹೇಳುತ್ತೇವೆ ಎಂದೆವು. ಎರಡನೇ ವಾರ, ಮಗು ಮಲಗಿದ್ದ ಒಂದು ಮಧ್ಯಾಹ್ನ, ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅವರ ಸೋಶಿಯಲ್ ಸೆಕ್ಯುರಿಟಿ ಖಾತೆ ತೆರೆದೆವು. ಅವರು ಅದನ್ನು ಅದುವರೆಗೆ ನೋಡಿಯೇ ಇರಲಿಲ್ಲ. ಎಡಗಡೆ ಇಸವಿ, ಬಲಗಡೆ ಆ ವರ್ಷದ ಗಳಿಕೆ. ಬಹಳ ಹಿಂದೆ ಒಂದು ಲಾಂಡ್ರಿಯಲ್ಲಿ ದುಡಿದ ಕೆಲವು ವರ್ಷಗಳ ಎದುರು ಸಣ್ಣ ಸಣ್ಣ ಮೊತ್ತಗಳಿದ್ದವು. ಅದರ ಕೆಳಗೆ ಸೊನ್ನೆ. ಅದರ ಕೆಳಗೂ ಸೊನ್ನೆ. ಹನ್ನೊಂದು ಸಾಲು ಸೊನ್ನೆ. ಆ ಹನ್ನೊಂದು ವರ್ಷ ಅವರು ಮೂರು ಮನೆಗಳ ಮಕ್ಕಳನ್ನು ಬೆಳೆಸಿದ್ದರು. ಬೆರಳನ್ನು ಪರದೆಯ ಮೇಲೆ ಮೇಲಿಂದ ಕೆಳಕ್ಕೆ ಎಳೆಯುತ್ತಾ, ಇದು ಆ ಹುಡುಗ ಹುಟ್ಟಿದ ವರ್ಷ, ಇದು ಅವನ ತಂಗಿ ಹುಟ್ಟಿದ್ದು ಎಂದು ಒಂದೊಂದೇ ಸಾಲಿಗೆ ಹೆಸರು ಹೇಳಿದರು. ಆ ಮನೆಯವರು ಯಾರೂ ಅವರಿಗೆ ಒಂದು ದಿನದ ಸಂಬಳವನ್ನೂ ಬಾಕಿ ಇಟ್ಟವರಲ್ಲ. ಹಬ್ಬಕ್ಕೆ ಉಡುಗೊರೆ ಕೊಟ್ಟವರು, ಒಳ್ಳೆಯವರೇ.

ಆ ಸೊನ್ನೆಗಳ ಬೆಲೆ ಏನೆಂದು ಬಿಡಿಸಿ ಹೇಳುತ್ತೇನೆ. ಸೋಶಿಯಲ್ ಸೆಕ್ಯುರಿಟಿಯ ನಿವೃತ್ತಿ ಪಿಂಚಣಿ ಸಿಗಬೇಕಾದರೆ 40 ಕ್ರೆಡಿಟ್ ಬೇಕು. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಸಿಗುತ್ತವೆ, ಅಂದರೆ ಕನಿಷ್ಠ ಹತ್ತು ವರ್ಷದ ದುಡಿಮೆ ದಾಖಲಾಗಿರಬೇಕು. 2025ರಲ್ಲಿ ಒಂದು ಕ್ರೆಡಿಟ್ಟಿಗೆ 1,810 ಡಾಲರ್ ಗಳಿಕೆ ಬೇಕಿತ್ತು. 2026ರಲ್ಲಿ 1,890. ಪಿಂಚಣಿ ಎಷ್ಟು ಎಂದು ನಿಗದಿ ಮಾಡುವಾಗ ಅತಿ ಹೆಚ್ಚು ಗಳಿಸಿದ 35 ವರ್ಷಗಳನ್ನು ತೆಗೆದುಕೊಳ್ಳುತ್ತಾರೆ. ಅಷ್ಟು ವರ್ಷ ಇಲ್ಲದಿದ್ದರೆ ಉಳಿದ ಜಾಗಕ್ಕೆ ಸೊನ್ನೆ ತುಂಬಿ ಸರಾಸರಿ ತೆಗೆಯುತ್ತಾರೆ. 65 ದಾಟಿದ ಮೇಲೆ ಆಸ್ಪತ್ರೆ ಖರ್ಚಿನ ಮೆಡಿಕೇರ್ ಭಾಗ ಪ್ರೀಮಿಯಂ ಇಲ್ಲದೆ ಸಿಗುವುದೂ ಇದೇ ಕ್ರೆಡಿಟ್ಟುಗಳ ಮೇಲೆ. ನಡುವೆ ಕೈಕಾಲು ಹೋಗಿ ದುಡಿಯಲಾಗದಿದ್ದರೆ ಸಿಗುವ ಅಂಗವೈಕಲ್ಯ ಪಿಂಚಣಿಗೂ ಇದೇ ಆಧಾರ. ಹಾಗಾಗಿ ಲೆಕ್ಕಕ್ಕೆ ಬಾರದಂತೆ ಕೊಟ್ಟ ಸಂಬಳ ಇವತ್ತು ಪೂರ್ತಿಯಾಗಿ ಕಂಡರೂ ಅದರೊಳಗಿನ ವೃದ್ಧಾಪ್ಯದ ಪಾಲನ್ನು ಮೊದಲೇ ಕಿತ್ತುಕೊಂಡಂತೆ. ಉದ್ಯೋಗದಾತರು ಕಟ್ಟಬೇಕಾದ ಶೇ 7.65 ಕೂಡ ಅವರ ಸಂಬಳದ ಭಾಗವೇ ಎಂದು ನಾನು ನಂಬುತ್ತೇನೆ. ಅದನ್ನು ಉಳಿಸಿದೆವು ಎಂದು ಹೇಳಿಕೊಳ್ಳುವುದು ಸರಿಯಲ್ಲ.

ಈಗ ಅಂಕಿಗಳಿಗೆ ಬರೋಣ. ಗಂಟೆಗೆ 25 ಡಾಲರ್, ವಾರಕ್ಕೆ 30 ಗಂಟೆ ಎಂದಿಟ್ಟುಕೊಳ್ಳಿ. ವಾರದ ಸಂಬಳ 750. ಅದರಲ್ಲಿ ಶೇ 7.65, ಅಂದರೆ 57 ಡಾಲರ್ 38 ಸೆಂಟ್, ಅವರ ಪಾಲೆಂದು ಹಿಡಿದುಕೊಂಡರೆ ಕೈಗೆ 692 ಡಾಲರ್ 62 ಸೆಂಟ್ ಹೋಗುತ್ತದೆ. ಅಷ್ಟೇ ಮೊತ್ತ ನಿಮ್ಮ ಪಾಲು. ವರ್ಷಕ್ಕೆ 50 ವಾರ ಎಂದರೆ ಸಂಬಳ 37,500, ಎರಡೂ ಪಾಲು ಸೇರಿ 5,737 ಡಾಲರ್ 50 ಸೆಂಟ್. ಇದರ ಜೊತೆಗೆ ಫೆಡರಲ್ ನಿರುದ್ಯೋಗ ತೆರಿಗೆ. ಯಾವುದೇ ಮೂರು ತಿಂಗಳ ತ್ರೈಮಾಸಿಕದಲ್ಲಿ ಮನೆಗೆಲಸದವರೆಲ್ಲರಿಗೂ ಸೇರಿ 1,000 ಡಾಲರ್ ಮುಟ್ಟಿದರೆ ಅದು ಬೀಳುತ್ತದೆ. ಒಬ್ಬೊಬ್ಬರ ಮೊದಲ 7,000 ಡಾಲರ್ ಮೇಲೆ ಶೇ 6 ಎಂದು ಕಾಯ್ದೆ ಹೇಳಿದರೂ, ರಾಜ್ಯದ ನಿರುದ್ಯೋಗ ತೆರಿಗೆಯನ್ನು ಸಮಯಕ್ಕೆ ಕಟ್ಟಿದವರಿಗೆ ಶೇ 5.4ರವರೆಗೆ ಮಾಫಿ. ಉಳಿಯುವುದು ಶೇ 0.6, ಅಂದರೆ 42 ಡಾಲರ್. ಕೇಂದ್ರದ ಸಾಲ ತೀರಿಸದೆ ಉಳಿಸಿಕೊಂಡ ರಾಜ್ಯಗಳಲ್ಲಿ ಮಾಫಿ ಕಡಿಮೆಯಾಗಿ ಇದು ಹೆಚ್ಚುತ್ತದೆ. ಕ್ಯಾಲಿಫೋರ್ನಿಯಾದವರಿಗೆ ಕೆಲವು ವರ್ಷಗಳಿಂದ ಹೀಗಾಗಿದೆ. ಈ ನಿರುದ್ಯೋಗ ತೆರಿಗೆಯನ್ನು ಕೆಲಸದವರ ಸಂಬಳದಿಂದ ಮುರಿಯುವಂತಿಲ್ಲ. ಪೂರ್ತಿ ನಿಮ್ಮದೇ.

ಕೈಗೆ ಪೂರ್ತಿ 750 ಬಂದರೇ ಕೆಲಸಕ್ಕೆ ಬರುತ್ತೇನೆ ಎಂದು ಅವರು ಹೇಳಿದರೆ? ಇದು ತಪ್ಪಾದ ಬೇಡಿಕೆಯೇನಲ್ಲ. ಬಾಡಿಗೆ ಕಟ್ಟಬೇಕಾದದ್ದು ಈ ತಿಂಗಳು, ಪಿಂಚಣಿ ಬರುವುದು ಯಾವತ್ತೋ. ಕಾನೂನು ಇದಕ್ಕೂ ದಾರಿ ಕೊಟ್ಟಿದೆ. ಅವರ ಶೇ 7.65 ಪಾಲನ್ನೂ ನೀವೇ ಕಟ್ಟಬಹುದು. ಆಗ ವಾರಕ್ಕೆ ನಿಮ್ಮ ಹೆಚ್ಚುವರಿ ಖರ್ಚು 114 ಡಾಲರ್ 75 ಸೆಂಟ್. ಹೀಗೆ ಅವರ ಪರವಾಗಿ ಕಟ್ಟಿದ ಮೊತ್ತ ಅವರ ಆದಾಯ ತೆರಿಗೆಯ ಲೆಕ್ಕದಲ್ಲಿ ಸಂಬಳವಾಗಿ ಸೇರುತ್ತದೆ, ಸೋಶಿಯಲ್ ಸೆಕ್ಯುರಿಟಿಯ ಲೆಕ್ಕದಲ್ಲಿ ಸೇರುವುದಿಲ್ಲ. ನಾವು ಕೊನೆಗೆ ಮಾಡಿದ್ದು ಇದನ್ನೇ. ಅಂದುಕೊಂಡಿದ್ದಕ್ಕಿಂತ ಸಂಬಳದ ದರವನ್ನು ಸ್ವಲ್ಪ ಕಡಿಮೆ ಒಪ್ಪಿ, ಎರಡೂ ಪಾಲು ನಾವೇ ಕಟ್ಟಿದೆವು. ಅವರ ಕೈಗೆ ಬರುವ ಹಣ ಹಿಂದಿನ ಮನೆಯಷ್ಟೇ ಇತ್ತು, ಖಾತೆಯಲ್ಲಿ ಸೊನ್ನೆ ಬೀಳುವುದು ನಿಂತಿತು.

ಆದಾಯ ತೆರಿಗೆಯ ವಿಷಯ ಬೇರೆ. ಅದನ್ನು ಸಂಬಳದಿಂದ ಮುರಿಯಲೇಬೇಕೆಂದು ಫೆಡರಲ್ ಕಾನೂನು ಮನೆಯವರನ್ನು ಒತ್ತಾಯಿಸುವುದಿಲ್ಲ. ಕೆಲಸದವರು ಕೇಳಿ, ನೀವು ಒಪ್ಪಿ, ಎಷ್ಟು ಮುರಿಯಬೇಕೆಂದು ತಿಳಿಸುವ ಡಬ್ಲ್ಯು-4 ಫಾರ್ಮ್ ಅವರು ತುಂಬಿಕೊಟ್ಟರೆ ಮಾತ್ರ. ಆದರೆ ಮುರಿಯದಿದ್ದರೆ ಏಪ್ರಿಲ್‌ನಲ್ಲಿ ಅವರ ತಲೆಯ ಮೇಲೆ ಒಮ್ಮೆಲೇ ಬೀಳುತ್ತದೆ, ಹಾಗಾಗಿ ಮೊದಲೇ ಕೇಳಿಬಿಡುವುದು ಒಳ್ಳೆಯದು. ಮಕ್ಕಳಿರುವ ಕಡಿಮೆ ಆದಾಯದವರಿಗೆ ದಾಖಲಾದ ದುಡಿಮೆಯ ಮೇಲೆ ಸಿಗುವ ತೆರಿಗೆ ಕ್ರೆಡಿಟ್ಟೂ ಒಂದಿದೆ. ಎಷ್ಟೋ ಸಲ ಅದು ಕಟ್ಟಿದ ತೆರಿಗೆಗಿಂತ ದೊಡ್ಡದಾಗಿರುತ್ತದೆ. ಕ್ಯಾಶ್ ಸಂಬಳದವರಿಗೆ ಅದನ್ನು ಕೇಳಲು ಕಾಗದವೇ ಇರುವುದಿಲ್ಲ.

ಅತಿ ಹೆಚ್ಚು ಎಡವಟ್ಟಾಗುವುದು ‘ಅವರು ನನ್ನ ಕೆಲಸದವರಲ್ಲ, ಕಾಂಟ್ರಾಕ್ಟರ್’ ಎನ್ನುವಲ್ಲಿ. ವರ್ಷದ ಕೊನೆಗೆ, ಕಾಂಟ್ರಾಕ್ಟರಿಗೆ ಕೊಟ್ಟ ಹಣ ತೋರಿಸುವ ಒಂದು 1099 ಫಾರ್ಮ್ ಕೊಟ್ಟು ಕೈತೊಳೆದುಕೊಂಡವರನ್ನು ನಾನೇ ಬಲ್ಲೆ. ಐಆರ್‌ಎಸ್, ಅಂದರೆ ಅಮೆರಿಕದ ತೆರಿಗೆ ಇಲಾಖೆ, ಕೇಳುವ ಪ್ರಶ್ನೆ ಸರಳ: ಏನು ಕೆಲಸ ಮಾಡಬೇಕು ಎಂಬುದಷ್ಟೇ ಅಲ್ಲ, ಹೇಗೆ ಮಾಡಬೇಕು ಎಂಬುದನ್ನೂ ಹೇಳುವ ಅಧಿಕಾರ ಯಾರದು? ಎಂಟಕ್ಕೆ ಬನ್ನಿ, ಮಗುವಿಗೆ ಹತ್ತಕ್ಕೆ ರಾಗಿ ಸರಿ ತಿನ್ನಿಸಿ, ಟಿವಿ ಹಾಕಬೇಡಿ ಎಂದು ಹೇಳುವವರು ನೀವಾದರೆ ಅವರು ನಿಮ್ಮ ಉದ್ಯೋಗಿ. ಅರೆಕಾಲಿಕವಾಗಿದ್ದರೂ ಅಷ್ಟೇ, ಗಂಟೆ ಲೆಕ್ಕದಲ್ಲಿ ಕೊಟ್ಟರೂ ಅಷ್ಟೇ, ಇಬ್ಬರೂ ಸಹಿ ಹಾಕಿ ಕಾಂಟ್ರಾಕ್ಟರ್ ಎಂದು ಬರೆದುಕೊಂಡರೂ ಅಷ್ಟೇ. ಸ್ವಂತ ಯಂತ್ರ ತಂದು ಊರಿನ ಹತ್ತಾರು ಮನೆಗಳ ಹುಲ್ಲು ಕತ್ತರಿಸುವವರು ನಿಮ್ಮ ಉದ್ಯೋಗಿಯಲ್ಲ. ಏಜೆನ್ಸಿ ಕಳಿಸಿ, ಕೆಲಸದ ಮೇಲೆ ಹಿಡಿತವನ್ನೂ ಏಜೆನ್ಸಿಯೇ ಇಟ್ಟುಕೊಂಡಿದ್ದರೆ ಅವರೂ ಅಲ್ಲ. 1099 ಕೊಟ್ಟರೆ ಆಗುವ ಅನ್ಯಾಯ ಏನೆಂದರೆ, ಆ ಶೇ 15.3 ಪೂರ್ತಿ ಕೆಲಸದವರ ಹೆಗಲಿಗೆ ಬೀಳುತ್ತದೆ. ನಿಮ್ಮ ಅರ್ಧವನ್ನೂ ಅವರೇ ಕಟ್ಟಿದಂತಾಯಿತು.

ನಮ್ಮವರಲ್ಲೇ ಮತ್ತೆ ಮತ್ತೆ ಕೇಳಿಬರುವ ಕೆಲವು ಸಂದರ್ಭಗಳಿವೆ. ಬೀದಿಯಾಚೆಯ ಆಂಟಿಯ ಮನೆಯಲ್ಲಿ ಮಗುವನ್ನು ಬಿಟ್ಟು ಬರುತ್ತೀರಿ. ತಮ್ಮ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರು ನಿಮ್ಮ ಉದ್ಯೋಗಿಯಲ್ಲ, ಅದು ಅವರ ಸ್ವಂತ ವ್ಯವಹಾರ. ಅದೇ ಆಂಟಿ ನಿಮ್ಮ ಮನೆಗೆ ಬಂದು ನೋಡಿಕೊಂಡರೆ ಲೆಕ್ಕ ಬದಲಾಗುತ್ತದೆ. ಅವರು ಎಚ್-4 ವೀಸಾದಲ್ಲಿದ್ದು (ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವುದು) ಕೆಲಸದ ಪರವಾನಗಿ ಇಲ್ಲದಿದ್ದರಂತೂ ತೆರಿಗೆಗಿಂತ ದೊಡ್ಡ ತೊಂದರೆ. ಪರವಾನಗಿ ಇಲ್ಲವೆಂದು ಗೊತ್ತಿದ್ದೂ ಕೆಲಸಕ್ಕಿಟ್ಟುಕೊಳ್ಳುವುದು 1986ರ ಕಾಯ್ದೆಯಿಂದೀಚೆಗೆ ಕಾನೂನುಬಾಹಿರ, ಮತ್ತು ಪೆಟ್ಟು ಮೊದಲು ಬೀಳುವುದು ಅವರ ವೀಸಾಕ್ಕೆ. ಸ್ನೇಹಕ್ಕೆ ಮಾಡುತ್ತಿದ್ದೇವೆ ಎಂದು ಸಮಾಧಾನ ಹೇಳಿಕೊಳ್ಳುವಾಗ ಆ ಅಪಾಯ ಯಾರ ಮೇಲಿದೆ ಎಂದು ಯೋಚಿಸಬೇಕು. ಶನಿವಾರ ಸಂಜೆ ಎರಡು ಗಂಟೆ ಮಗು ನೋಡಿಕೊಳ್ಳುವ ಪಕ್ಕದ ಮನೆಯ ಹೈಸ್ಕೂಲ್ ಹುಡುಗಿಗೆ ಈ ತೆರಿಗೆ ಇಲ್ಲ. ಹದಿನೆಂಟು ತುಂಬದ, ಮನೆಗೆಲಸವೇ ಮುಖ್ಯ ಉದ್ಯೋಗವಲ್ಲದವರಿಗೆ ವಿನಾಯಿತಿ ಇದೆ. ಗಂಡ ಅಥವಾ ಹೆಂಡತಿಗೆ, 21 ತುಂಬದ ಸ್ವಂತ ಮಕ್ಕಳಿಗೆ, ಸಾಮಾನ್ಯವಾಗಿ ತಂದೆತಾಯಿಗೆ ಕೊಟ್ಟದ್ದಕ್ಕೂ ಇಲ್ಲ. ಅಜ್ಜಿ ತಾತನ ವಿಷಯದಲ್ಲಿ ಒಂದು ಅಪವಾದವಿದೆ: ಮಗುವಿನ ತಂದೆ ಅಥವಾ ತಾಯಿ ಒಂಟಿಯಾಗಿದ್ದು, ಇಲ್ಲವೇ ಸಂಗಾತಿಗೆ ಮಗುವನ್ನು ನೋಡಿಕೊಳ್ಳಲಾಗದ ಕಾಯಿಲೆಯಿದ್ದು, ಮೊಮ್ಮಗುವನ್ನು ನೋಡಿಕೊಳ್ಳಲೆಂದು ಅವರಿಗೆ ಸಂಬಳ ಕೊಡುವಾಗ ತೆರಿಗೆ ಬರಬಹುದು.

ಕ್ಯಾಶ್ ಎಂದರೆ ನೋಟು ಮಾತ್ರವಲ್ಲ ಎಂಬುದನ್ನೂ ಹೇಳಿಬಿಡಬೇಕು. ಚೆಕ್ಕು, ಝೆಲ್, ಬ್ಯಾಂಕ್ ವರ್ಗಾವಣೆ ಎಲ್ಲವೂ ಈ ಕಾನೂನಿನಲ್ಲಿ ನಗದು ಸಂಬಳವೇ. ಊಟ, ಉಳಿಯಲು ಕೊಟ್ಟ ಕೋಣೆ ಲೆಕ್ಕಕ್ಕೆ ಸೇರುವುದಿಲ್ಲ.

ಇಷ್ಟು ನಿಯಮಗಳ ಹಿಂದೆ ಒಂದು ಕಹಿ ಚರಿತ್ರೆ ಇದೆ. 1935ರಲ್ಲಿ ಸೋಶಿಯಲ್ ಸೆಕ್ಯುರಿಟಿ ಕಾಯ್ದೆ ಬಂದಾಗ ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಹೊರಗಿಟ್ಟರು. ಆಗ ದುಡಿಯುತ್ತಿದ್ದ ಕಪ್ಪು ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇರೆಯವರ ಮನೆಗಳಲ್ಲಿ ಅಡುಗೆ, ಬಟ್ಟೆ, ಮಗು ನೋಡಿಕೊಂಡು ಬದುಕುತ್ತಿದ್ದವರು. 1938ರ ಕನಿಷ್ಠ ವೇತನದ ಕಾಯ್ದೆಯಲ್ಲೂ ಅವರಿಗೆ ಜಾಗವಿರಲಿಲ್ಲ, ಅದು ಸಿಕ್ಕಿದ್ದು 1974ರಲ್ಲಿ. ಸೋಶಿಯಲ್ ಸೆಕ್ಯುರಿಟಿಯೊಳಗೆ ಅವರನ್ನು ತಂದಿದ್ದು 1950ರ ತಿದ್ದುಪಡಿ. ಬಳಿಕ ಮೂರು ತಿಂಗಳಿಗೆ 50 ಡಾಲರ್ ಕೊಟ್ಟರೆ ತೆರಿಗೆ ಎಂಬ ಮಿತಿ ಬಂತು. ಬೆಲೆಗಳೆಲ್ಲ ಏರಿದರೂ ಆ ಮಿತಿ ದಶಕಗಟ್ಟಲೆ ಅಲ್ಲೇ ನಿಂತಿತು. ಪ್ರತಿ ತ್ರೈಮಾಸಿಕಕ್ಕೂ ಬೇರೆ ಫಾರ್ಮ್ ತುಂಬಬೇಕಿತ್ತು, ಬಹಳಷ್ಟು ಮನೆಗಳು ತುಂಬುತ್ತಲೇ ಇರಲಿಲ್ಲ. 1992ರ ಡಿಸೆಂಬರ್‌ನಲ್ಲಿ, ಅಧ್ಯಕ್ಷರಾಗಿ ಚುನಾಯಿತರಾಗಿದ್ದ ಕ್ಲಿಂಟನ್ ಅಟಾರ್ನಿ ಜನರಲ್ ಹುದ್ದೆಗೆ ಜೋಯಿ ಬೇರ್ಡ್ ಅವರನ್ನು ಆರಿಸಿದರು. ದಾಖಲೆಗಳಿಲ್ಲದ ದಂಪತಿಯನ್ನು ಮನೆಗೆಲಸಕ್ಕಿಟ್ಟುಕೊಂಡು ಸೋಶಿಯಲ್ ಸೆಕ್ಯುರಿಟಿ ತೆರಿಗೆ ಕಟ್ಟಿರಲಿಲ್ಲ ಎಂಬುದು ಬಯಲಾಗಿ 1993ರ ಜನವರಿಯಲ್ಲಿ ಅವರು ಹಿಂದೆ ಸರಿಯಬೇಕಾಯಿತು. ದೇಶದ ಕಾನೂನು ನೋಡಿಕೊಳ್ಳಬೇಕಾದವರ ಮನೆಯಲ್ಲೇ ಹೀಗೆ ಎಂದು ಜನ ರೇಗಿದರು. ಮರುವರ್ಷ, 1994ರಲ್ಲಿ, ಮಿತಿಯನ್ನು ವರ್ಷಕ್ಕೆ 1,000 ಡಾಲರಿಗೆ ಏರಿಸಿ, ದೇಶದ ಸರಾಸರಿ ವೇತನದ ಜೊತೆ ಅದು ಏರುತ್ತಾ ಹೋಗುವಂತೆ ಮಾಡಿ, ಮನೆಯವರು ತಮ್ಮ ವಾರ್ಷಿಕ ರಿಟರ್ನ್ ಜೊತೆಯಲ್ಲೇ ಕಟ್ಟುವಂತೆ ಕಾನೂನು ಬದಲಿಸಿದರು. ಈಗಿನ ಶೆಡ್ಯೂಲ್ ಎಚ್ ಎಂಬ ಹಾಳೆ ಬಂದದ್ದು ಹಾಗೆ.

ಆ ಬದಲಾವಣೆಯಿಂದ ಸಂಬಳ ಕೊಡುವವರಿಗೆ ನಿಜಕ್ಕೂ ಹಗುರವಾಯಿತು. ಆದರೆ ಮಿತಿ ಏರಿದಷ್ಟೂ ಒಂದು ಕಂದಕವೂ ಅಗಲವಾಗುತ್ತಿದೆ, ಅದನ್ನು ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಒಬ್ಬಾಕೆ ಹತ್ತು ಮನೆಗಳಲ್ಲಿ ವಾರಕ್ಕೆರಡು ಗಂಟೆಯಂತೆ ದುಡಿಯುತ್ತಾರೆ ಎನ್ನಿ. ಒಂದೊಂದು ಮನೆಯಿಂದ ವರ್ಷಕ್ಕೆ 2,900 ಡಾಲರ್. ಒಟ್ಟು 29,000. ಹತ್ತೂ ಮನೆಯವರು ಹೇಳಿದಂತೆ ಮಾಡುವ ಉದ್ಯೋಗಿಯಾಗಿದ್ದರೆ, 2026ರಲ್ಲಿ ಯಾವ ಮನೆಯೂ ಮಿತಿ ಮುಟ್ಟಲಿಲ್ಲ, ಯಾವ ಮನೆಯೂ ಕಟ್ಟಬೇಕಿಲ್ಲ. ವರ್ಷವಿಡೀ ದುಡಿದ ಆಕೆಗೆ ಒಂದು ಕ್ರೆಡಿಟ್ಟೂ ಇಲ್ಲ. ಇಲ್ಲಿ ಯಾರೂ ತಪ್ಪು ಮಾಡಿಲ್ಲ, ಸೊನ್ನೆ ಮಾತ್ರ ಬಿತ್ತು. ಕಾನೂನನ್ನು ತಿದ್ದಬೇಕಾದ ಜಾಗ ಇದು ಎಂದೇ ನನ್ನ ಅಭಿಪ್ರಾಯ.

ಕಾಗದಪತ್ರದ ಕೆಲಸ ಹೆದರುವಷ್ಟಿಲ್ಲ. ಐಆರ್‌ಎಸ್‌ನಿಂದ ಉದ್ಯೋಗದಾತರ ಸಂಖ್ಯೆ, ಅಂದರೆ ಇಐಎನ್, ಆನ್‌ಲೈನಿನಲ್ಲೇ ಪುಕ್ಕಟೆ ಸಿಗುತ್ತದೆ. ಕೆಲಸಕ್ಕೆ ಸೇರಿದ ಮೂರು ಕೆಲಸದ ದಿನಗಳೊಳಗೆ ಅವರ ದಾಖಲೆ ನೋಡಿ, ಕೆಲಸಕ್ಕೆ ಅನುಮತಿ ಇದೆಯೆಂದು ಖಚಿತಪಡಿಸುವ ಐ-9 ಫಾರ್ಮ್ ತುಂಬಿ ನಿಮ್ಮಲ್ಲೇ ಇಟ್ಟುಕೊಳ್ಳಬೇಕು. ಮರುವರ್ಷ ಜನವರಿ ಕೊನೆಯೊಳಗೆ ಅವರಿಗೆ ವರ್ಷದ ಸಂಬಳ, ತೆರಿಗೆ ತೋರಿಸುವ ಡಬ್ಲ್ಯು-2. ಏಪ್ರಿಲ್‌ನಲ್ಲಿ ನಿಮ್ಮ 1040ರ, ಅಂದರೆ ವಾರ್ಷಿಕ ರಿಟರ್ನ್‌ನ, ಜೊತೆ ಶೆಡ್ಯೂಲ್ ಎಚ್. ಆ ಹಾಳೆ ಶುರುವಾಗುವುದೇ ಮೂರು ಪ್ರಶ್ನೆಗಳಿಂದ: ಯಾರಾದರೊಬ್ಬರಿಗೆ ಮಿತಿಯಷ್ಟು ಸಂಬಳ ಕೊಟ್ಟಿರಾ, ಆದಾಯ ತೆರಿಗೆ ಮುರಿದಿರಾ, ಯಾವುದಾದರೂ ತ್ರೈಮಾಸಿಕದಲ್ಲಿ ಎಲ್ಲರಿಗೂ ಸೇರಿ 1,000 ಮುಟ್ಟಿತಾ. ಮೂರಕ್ಕೂ ಇಲ್ಲ ಎಂದಾದರೆ ಮುಂದೆ ತುಂಬುವುದೇ ಬೇಡ. ಏಪ್ರಿಲ್‌ನಲ್ಲಿ ಐದಾರು ಸಾವಿರ ಒಟ್ಟಿಗೆ ಕಟ್ಟುವುದು ಕಷ್ಟ, ಮುಂಗಡ ಕಟ್ಟದಿದ್ದರೆ ದಂಡವೂ ಬೀಳಬಹುದು. ಅದಕ್ಕೆ ಸುಲಭ ಉಪಾಯ: ನಿಮ್ಮ ಸ್ವಂತ ಕೆಲಸದಲ್ಲಿ ಡಬ್ಲ್ಯು-4 ಬದಲಿಸಿ ಪ್ರತಿ ಸಂಬಳದಿಂದ ಸ್ವಲ್ಪ ಹೆಚ್ಚು ಮುರಿಯುವಂತೆ ಮಾಡಿ.

ರಾಜ್ಯದ ನಿಯಮಗಳು ಊರಿಗೊಂದು ಬಗೆ. ಕ್ಯಾಲಿಫೋರ್ನಿಯಾದಲ್ಲಿ ತ್ರೈಮಾಸಿಕಕ್ಕೆ 750 ಡಾಲರ್ ಕೊಟ್ಟರೇ ರಾಜ್ಯದಲ್ಲಿ ನೋಂದಾಯಿಸಬೇಕು. ನ್ಯೂಯಾರ್ಕಿನಲ್ಲಿ ವಾರಕ್ಕೆ 40 ಗಂಟೆ ದುಡಿಯುವವರಿಗೆ ಕೆಲಸದ ವೇಳೆಯ ಗಾಯಗಳಿಗೆ ವಿಮೆ ಮಾಡಿಸಬೇಕು. ಮನೆಗೆಲಸದವರ ಹಕ್ಕುಗಳಿಗೆಂದೇ ಮೊದಲು ಕಾಯ್ದೆ ತಂದ ರಾಜ್ಯವೂ ಅದೇ, 2010ರಲ್ಲಿ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ನಿರುದ್ಯೋಗ ತೆರಿಗೆ ಇದೆ. ನಿಮ್ಮ ರಾಜ್ಯದ ಕಾರ್ಮಿಕ ಇಲಾಖೆಯ ಪುಟವನ್ನು ಒಮ್ಮೆ ಓದದೆ ಸಂಬಳ ಶುರು ಮಾಡಬೇಡಿ.

ಸಂಬಳ ಕೊಡುವವರಿಗೂ ಇದರಲ್ಲಿ ಪಾಲಿದೆ. ಮಕ್ಕಳ ಆರೈಕೆಯಂಥ ಖರ್ಚಿಗೆಂದು ಕಂಪನಿಯ ಮೂಲಕ ತೆರೆಯುವ ಡಿಪೆಂಡೆಂಟ್ ಕೇರ್ ಖಾತೆಯಲ್ಲಿ 2025ರವರೆಗೆ 5,000 ಡಾಲರ್ ತೆರಿಗೆಯಿಲ್ಲದೆ ಇಡಬಹುದಿತ್ತು, 2026ರಿಂದ 7,500. ಶೇ 24ರ ಸ್ತರದಲ್ಲಿರುವ ಕುಟುಂಬಕ್ಕೆ ಆದಾಯ ತೆರಿಗೆಯಲ್ಲೇ 1,800 ಡಾಲರ್ ಉಳಿತಾಯ. ಮೇಲಿನ ಉದಾಹರಣೆಯಲ್ಲಿ ನಿಮ್ಮ ಪಾಲಿನ ಫೆಡರಲ್ ಖರ್ಚು 2,911 ಡಾಲರ್ ಆಸುಪಾಸು. ಅರ್ಧಕ್ಕಿಂತ ಹೆಚ್ಚು ವಾಪಸ್ ಬಂದಂತೆಯೇ. ಆದರೆ ಅದನ್ನು ಪಡೆಯಲು ನೋಡಿಕೊಳ್ಳುವವರ ಹೆಸರು, ತೆರಿಗೆ ಸಂಖ್ಯೆ ಬರೆಯಬೇಕು. ಗುಟ್ಟಾಗಿ ಕೊಟ್ಟ ಸಂಬಳಕ್ಕೆ ಆ ದಾರಿ ಮುಚ್ಚಿರುತ್ತದೆ.

ಮುಚ್ಚಿಟ್ಟದ್ದು ಹೊರಬರುವುದು ಬಹಳ ಸಲ ಜಗಳದಿಂದಲ್ಲ. ಮಗು ಶಾಲೆಗೆ ಹೋಗತೊಡಗಿತು, ಕೆಲಸ ಮುಗಿಯಿತು, ಆಕೆ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದರು. ಹಿಂದಿನ ಉದ್ಯೋಗದಾತರ ಹೆಸರು ಕೇಳುವ ಜಾಗದಲ್ಲಿ ನಿಮ್ಮ ಹೆಸರು ಬರೆದರು, ಅಷ್ಟೇ. ರಾಜ್ಯದ ದಾಖಲೆಯಲ್ಲಿ ನೀವಿಲ್ಲ, ಪತ್ರ ಬರುತ್ತದೆ. ಪೌರತ್ವಕ್ಕೆ ಅರ್ಜಿ ಹಾಕುವ ನಮ್ಮಂಥವರಿಗೆ ಇನ್ನೊಂದು: ತೆರಿಗೆ ಬಾಕಿ ಇದೆಯೇ ಎಂಬ ಪ್ರಶ್ನೆ ಆ ಅರ್ಜಿಯಲ್ಲೇ ಇದೆ.

ಹಿಂದಿನ ವರ್ಷಗಳಲ್ಲಿ ಕಟ್ಟದೆ ಬಿಟ್ಟವರು ಈಗಲೂ ತಡವಾದ ಶೆಡ್ಯೂಲ್ ಎಚ್ ಮತ್ತು ಡಬ್ಲ್ಯು-2 ಸಲ್ಲಿಸಬಹುದು. ಬಡ್ಡಿ, ದಂಡ ಬೀಳುತ್ತದೆ. ಸಂಬಳ ಪಡೆದವರ ಕಡೆಯಿಂದ ನೋಡಿದರೆ ಇಲ್ಲೊಂದು ಗಡುವು ಇದೆ. ಸೋಶಿಯಲ್ ಸೆಕ್ಯುರಿಟಿ ದಾಖಲೆಯಲ್ಲಿ ಒಂದು ವರ್ಷದ ಗಳಿಕೆ ತಪ್ಪಿಹೋಗಿದ್ದರೆ, ಕೆಲವು ಅಪವಾದಗಳನ್ನು ಬಿಟ್ಟು, ಆ ವರ್ಷ ಮುಗಿದ ಮೇಲೆ 3 ವರ್ಷ, 3 ತಿಂಗಳು, 15 ದಿನದೊಳಗೆ ತಿದ್ದಿಸಬೇಕು. ನಮ್ಮ ಮನೆಗೆ ಬಂದಾಕೆಯ ಆ ಹನ್ನೊಂದು ಸಾಲುಗಳಲ್ಲಿ ಕೊನೆಯ ಮೂರಕ್ಕೆ ಮಾತ್ರ ಇನ್ನೂ ಸಮಯವಿತ್ತು. ಹಳೆಯ ಮನೆಯೊಂದರವರಿಗೆ ಅವರೇ ಫೋನ್ ಮಾಡಿದರು. ಆ ಮನೆಯಾಕೆ ಒಂದಿಷ್ಟು ಹೊತ್ತು ಸುಮ್ಮನಿದ್ದು, ಬೇಕಾದ ಕಾಗದಗಳೇನು ಎಂದು ಕೇಳಿದರಂತೆ. 2023ರ ಸಂಬಳಕ್ಕೆ ಆ ಗಡುವು ಮುಗಿಯುವುದು 2027ರ ಏಪ್ರಿಲ್ 15ಕ್ಕೆ.